ಫೋನ್ ಹಚ್ಚೀನ್ರೀ, ಹತ್ತವಲ್ದು

ಹುಪರಿಯಲ್ಲಿ ಬೆಳ್ಳಿ ಕೆಲಸದ ಯಾವುದಾದರೂ ಮನೆಯ ಮುಂದೆ ಬೆಳಗಿನ ಹೊತ್ತು ನಿಂತರೆ ಕಿವಿಗೆ ಬೀಳುವ ಕನ್ನಡ ಹೆಚ್ಚುಕಡಿಮೆ ಹೀಗಿರುತ್ತದೆ:

“ಕಾಕಾ, ಪಾಲಿಶ್‌ನವರಿಗೆ ಫೋನ್ ಹಚ್ಚೀನ್ರೀ, ಹತ್ತವಲ್ದು.”

“ಇನ್ನೊಮ್ಮಿ ಹಚ್ಚಿ ನೋಡಪಾ. ಹತ್ತಲಿಲ್ಲಂದ್ರ ಗಾಡಿ ತಗೊಂಡು ಹೋಗಿ ಮಾಲು ಕೊಟ್ಟ ಬಾ. ಎಷ್ಟ ಹೊತ್ತ ಹತ್ತತೈತಿ, ಹತ್ತ ಮಿನಿಟ.”

“ಗಾಡಿಗೆ ಪಿಕಪ್ಪೇ ಇಲ್ರೀ. ನಿನ್ನಿ ರೆಂದಾಳದಾಗ ಬಂದ್ ಬಿದ್ದಿತ್ತು.”

“ಹಂಗಾರ ಬಸ್ ಹತ್ತು. ನಿಂತ ಮಾತಾಡಬ್ಯಾಡ.”

ಫೋನು ಹತ್ತಲಿಲ್ಲ, ಹೊತ್ತು ಹತ್ತುತ್ತದೆ, ಬಸ್ಸು ಹತ್ತಬೇಕು. ನಡುವೆ ನುಸುಳಿದ ‘ಹತ್ತ ಮಿನಿಟ’ ಬೇರೆ ವಂಶದ್ದು, ಅದನ್ನು ಬಿಡೋಣ. ಅದನ್ನು ಬಿಟ್ಟರೂ ಒಂದೇ ಕ್ರಿಯಾಪದ ಮೂರು ಕಡೆ ಮೂರು ಕೆಲಸ ಮಾಡಿದೆ. ಇದೇ ಮಾತನ್ನು ಇಂಗ್ಲಿಷಿನವನು ಆಡಿದರೆ ಫೋನಿಗೆ ‘ಗೆಟ್ ಥ್ರೂ’, ಬಸ್ಸಿಗೆ ‘ಗೆಟ್ ಆನ್’, ಗಾಡಿ ಕೆಟ್ಟದ್ದಕ್ಕೆ ‘ಬ್ರೇಕ್ ಡೌನ್’ ಎನ್ನುತ್ತಾನೆ. ಅವನು ಒಂದು ‘ಗೆಟ್’ ಇಟ್ಟುಕೊಂಡು ಅದರ ಬಾಲ ಬದಲಿಸುತ್ತ ಹೋಗುತ್ತಾನೆ. ನಮ್ಮ ಹುಡುಗ ಒಂದು ‘ಹತ್ತು’ ಇಟ್ಟುಕೊಂಡು ಅದಕ್ಕೆ ಮೊದಲು ಬರುವ ಪದ ಬದಲಿಸುತ್ತ ಹೋಗುತ್ತಾನೆ. ಯುಕ್ತಿ ಒಂದೇ. ಇಷ್ಟು ಸಲೀಸಾಗಿ ಮಾತಾಡುವ ಈ ಹುಡುಗ ಶಾಲೆಯಲ್ಲಿ ‘ಫ್ರೇಸಲ್ ವರ್ಬ್’ ಎಂಬ ಪಾಠ ಬಂದ ಕೂಡಲೇ ಬೆವರುತ್ತಾನೆ. ಅವನನ್ನು ಬೆವರಿಸುವ ಅಗತ್ಯವೇ ಇರಲಿಲ್ಲ ಎಂಬುದು ನನ್ನ ತಕರಾರು.

ಊರಿನ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಹುಪರಿ ಕೊಲ್ಹಾಪುರ ಜಿಲ್ಲೆಯ ಹಾತಕಣಂಗಲೆ ತಾಲೂಕಿನಲ್ಲಿದೆ. ಬೆಳ್ಳಿ ಗೆಜ್ಜೆ, ಕಾಲುಚೈನಿಗೆ ದೇಶದಲ್ಲೆಲ್ಲ ಹೆಸರು. ಕೆಲಸ ಒಂದೇ ಸೂರಿನಡಿ ಆಗುವುದಿಲ್ಲ: ಕರಗಿಸುವುದು ಒಬ್ಬರ ಕಡೆ, ತಂತಿ ಎಳೆಯುವುದು ಇನ್ನೊಬ್ಬರ ಕಡೆ, ಕೊಂಡಿ ಜೋಡಿಸುವುದು, ಬೆಸುಗೆ ಹಾಕುವುದು ಮನೆಮನೆಗಳಲ್ಲಿ, ಹೊಳಪು ಕೊಡುವುದು ಮತ್ತೆಲ್ಲೋ. ಪೇಟೆಯ ಭಾಷೆ ಮರಾಠಿ. ಜೈನರ, ಲಿಂಗಾಯತರ ಎಷ್ಟೋ ಮನೆಗಳೊಳಗಿನ ಭಾಷೆ ಕನ್ನಡ. ದೂಧಗಂಗೆ ದಾಟಿದರೆ ನಿಪ್ಪಾಣಿ ತಾಲೂಕಿನ ಹಳ್ಳಿಗಳು. 1956ರಲ್ಲಿ ಗೆರೆ ಎಳೆದವರು ಎಳೆದುಕೊಂಡು ಹೋದರು; ಮಾಲು, ಬೀಗತನ, ಮಾತು ಮೂರೂ ಇಂದಿಗೂ ಆ ಕಡೆ ಈ ಕಡೆ ಓಡಾಡಿಕೊಂಡೇ ಇವೆ. ತೆಂಕಣಕ್ಕೆ ಗಡಹಿಂಗ್ಲಜದ ಸಂತೆಯಲ್ಲೂ ಇದೇ ಕಥೆ. ಇನ್ನೂ ಹಿಂದಿನ ಸಾಕ್ಷಿ ಬೇಕಾದವರು ಖಿದ್ರಾಪುರದ ಕೋಪೇಶ್ವರ ಗುಡಿಗೆ ಹೋಗಿ ಅಲ್ಲಿನ ಕನ್ನಡ ಶಾಸನಗಳನ್ನು ನೋಡಿ ಬರಬಹುದು.

ಇನ್ನು ಇಂಗ್ಲಿಷಿನ ಕಡೆಯ ಸಂಗತಿ. ಸಣ್ಣದೊಂದು ಕ್ರಿಯಾಪದ, ಅದರ ಹಿಂದೆ ಅಪ್, ಔಟ್, ಆಫ್, ಆನ್, ಇನ್, ಡೌನ್ ಇಂಥದೊಂದು ಬಾಲ. ಎರಡೂ ಕೂಡಿದಾಗ ಹುಟ್ಟುವ ಅರ್ಥ ಎರಡರಲ್ಲೂ ಬಿಡಿಬಿಡಿಯಾಗಿ ಕಾಣುವುದಿಲ್ಲ. ‘ಗಿವ್’ ಅಂದರೆ ಕೊಡು, ‘ಅಪ್’ ಅಂದರೆ ಮೇಲೆ, ‘ಗಿವ್ ಅಪ್’ ಅಂದರೆ ಬಿಟ್ಟುಬಿಡು. ಇದು ಹೊರಗಿನವರಿಗೆ ಮಹಾ ತೊಡಕಿನ ವಿಷಯವೆಂದು 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಸಾಮ್ಯುಯೆಲ್ ಜಾನ್ಸನ್ ಬರೆದುಕೊಂಡಿದ್ದಾನೆ. ಅದಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಚಲಾವಣೆಗೆ ಬಂದದ್ದು ಮಾತ್ರ ಬಹಳ ತಡವಾಗಿ, 1925ರ ಲೋಗನ್ ಪಿಯರ್ಸಾಲ್ ಸ್ಮಿತ್‌ನ ಪುಸ್ತಕದಿಂದ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರ್ಯಾಡ್ಲಿ ಆ ಹೆಸರನ್ನು ಸೂಚಿಸಿದನಂತೆ. ಅಂದರೆ ಜನ ನೂರಾರು ವರ್ಷ ಹೆಸರಿಲ್ಲದೆಯೇ ಅದನ್ನು ಆಡಿದ್ದಾರೆ. ನಾವು ಹೆಸರನ್ನು ಮೊದಲು ಬಾಯಿಪಾಠ ಮಾಡಿ ಆಮೇಲೆ ಆಡಲು ಹೊರಡುತ್ತೇವೆ.

ಪಟ್ಟಿ ನೋಡಿದರೆ ಕೊನೆಯಿಲ್ಲ ಅನಿಸುತ್ತದೆ, ಬಂಡವಾಳ ಮಾತ್ರ ಬಹಳ ಸಣ್ಣದು. ಗಾರ್ಡ್ನರ್ ಮತ್ತು ಡೇವಿಸ್ ಎಂಬ ಇಬ್ಬರು ವಿದ್ವಾಂಸರು ಬ್ರಿಟಿಷ್ ಇಂಗ್ಲಿಷಿನ ದೊಡ್ಡದೊಂದು ಪಠ್ಯಸಂಗ್ರಹವನ್ನು ಜಾಲಾಡಿ 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಬಳಕೆಯ ಅರ್ಧಕ್ಕಿಂತ ಹೆಚ್ಚು ಪಾಲು ಬರೀ 20 ಕ್ರಿಯಾಪದ ಮತ್ತು 8 ಬಾಲಗಳ ಕೂಡಿಕೆಯದು. ಹೋಗು, ಬಾ, ತಗೋ, ಇಡು, ಎತ್ತು, ತಿರುಗು ಇಂಥ ಮನೆಮಾತಿನ ಕ್ರಿಯೆಗಳೇ ಹೆಚ್ಚು. ವಿದ್ವತ್ತಿನ ಪದ ಒಂದೂ ಇಲ್ಲ.

ಇಲ್ಲೇ ನಮ್ಮ ಗೈಡುಗಳು ಕೆಲಸ ಕೆಡಿಸುತ್ತವೆ. ಕನ್ನಡ ಗೈಡು ತೆಗೆಯಿರಿ: ‘ಗಿವ್ ಅಪ್’ ಎದುರಿಗೆ ‘ತ್ಯಜಿಸು’, ‘ಪುಟ್ ಅಪ್ ವಿತ್’ ಎದುರಿಗೆ ‘ಸಹಿಸು’, ‘ಲುಕ್ ಡೌನ್ ಆನ್’ ಎದುರಿಗೆ ‘ತಿರಸ್ಕರಿಸು’, ‘ಲುಕ್ ಆಫ್ಟರ್’ ಎದುರಿಗೆ ‘ಪಾಲನೆ ಮಾಡು’. ಇಂಗ್ಲಿಷ್ ಮನೆಯಂಗಳದ ಮಾತನ್ನು ತಂದಿಟ್ಟರೆ ನಾವು ಅದಕ್ಕೆ ಶಾಲು ಹೊದಿಸಿ ವೇದಿಕೆ ಹತ್ತಿಸುತ್ತೇವೆ. ಹುಪರಿಯ ಕನ್ನಡ ಮನೆಯ ಮಗುವಿಗೆ ಇನ್ನೊಂದು ಸುತ್ತು ಹೆಚ್ಚು. ಮಹಾರಾಷ್ಟ್ರದಲ್ಲೇ ಇರುವ ಜತ್ತ, ಅಕ್ಕಲಕೋಟೆಯ ಕಡೆ ಕನ್ನಡ ಶಾಲೆಗಳಿವೆ. ಇಲ್ಲಿನ ಮಕ್ಕಳು ಮಾತ್ರ ಬಹುತೇಕ ಮರಾಠಿ ಶಾಲೆಗೋ ಇಂಗ್ಲಿಷ್ ಮಾಧ್ಯಮಕ್ಕೋ ಹೋಗುತ್ತಾರೆ. 2000ದಲ್ಲಿ ಮಹಾರಾಷ್ಟ್ರ ಸರ್ಕಾರ ಒಂದನೇ ಇಯತ್ತೆಯಿಂದಲೇ ಎಲ್ಲ ಮಾಧ್ಯಮದ ಮಕ್ಕಳಿಗೂ ಇಂಗ್ಲಿಷ್ ತಂದಿತು. ಮರಾಠಿ ಗೈಡಿನಲ್ಲಿ ‘ಗಿವ್ ಅಪ್’ ಎಂದರೆ ‘ತ್ಯಾಗ ಕರಣೆ’. ಆ ಮಗು ಮನೆಯಲ್ಲಿ ‘ಬಿಟ್ಟ ಬಿಡು’ ಅನ್ನುತ್ತದೆ, ಓಣಿಯಲ್ಲಿ ‘ಸೋಡೂನ್ ದೇ’ ಅನ್ನುತ್ತದೆ. ಎರಡೂ ಇಂಗ್ಲಿಷಿನಂತೆಯೇ ಎರಡು ತುಂಡಿನ ಮಾತು. ಪರೀಕ್ಷೆಯಲ್ಲಿ ಮಾತ್ರ ಋಷಿಮುನಿಗಳ ಹಾಗೆ ತ್ಯಾಗ ಮಾಡಬೇಕು.

ಬೆಳ್ಳಿ ಕೆಲಸಕ್ಕೇ ಬರೋಣ. ವ್ಯಾಪಾರಿ ಕಚ್ಚಾ ಬೆಳ್ಳಿ ತೂಗಿ ಕೊಡುತ್ತಾನೆ. ಮನೆಯವರು ಕೆಲಸ ಮುಗಿಸಿ ಸರಕು ತೂಗಿ ಒಪ್ಪಿಸುತ್ತಾರೆ, ಮಜೂರಿ ತಗೊಳ್ಳುತ್ತಾರೆ. ಇದು ‘ಮಾಡಿಕೊಡುವ’ ಕೆಲಸ. ಸ್ವಂತ ಬೆಳ್ಳಿ ತಂದು ಸ್ವಂತಕ್ಕೆ ಮಾಡಿದರೆ ‘ಮಾಡಿಕೊಂಡದ್ದು’. ದೀಪಾವಳಿಯ ಗಿರಾಕಿಗೆಂದು ಮೊದಲೇ ಮಾಡಿದರೆ ‘ಮಾಡಿಟ್ಟದ್ದು’. ನಾಳೆ ಬೇಕು ಅಂತ ವ್ಯಾಪಾರಿ ತಲೆಮೇಲೆ ಕೂತಾಗ ರಾತ್ರಿ ನಿದ್ದೆಗೆಟ್ಟು ‘ಮಾಡಿಬಿಟ್ಟದ್ದು’. ಒಂದೇ ಗೆಜ್ಜೆ, ಒಂದೇ ‘ಮಾಡು’. ಅದರ ಹಿಂದಿನ ಕೊಡು, ಕೊಳ್ಳು, ಇಡು, ಬಿಡು ಎಂಬ ಬಾಲದಿಂದಲೇ ಯಾರ ಬೆಳ್ಳಿ, ಯಾರ ದುಡ್ಡು, ಯಾವ ಅವಸರ ಅನ್ನುವುದೆಲ್ಲ ಗೊತ್ತಾಗುತ್ತದೆ. ಇಂಗ್ಲಿಷಿಗೆ ಇಷ್ಟು ನಾಜೂಕು ಸಾಧ್ಯವಿಲ್ಲ ಅಂತ ನಾನು ಜಂಬದಿಂದಲೇ ಹೇಳುತ್ತೇನೆ.

ಹೋಲಿಕೆ ಎಲ್ಲಿ ಸರಿಯಾಗಿ ಕೂಡುತ್ತದೆ ಅಂದರೆ ಕೆಲಸ ಪೂರ್ತಿಯಾಯಿತು ಎಂದು ಹೇಳುವ ಕಡೆ. ಇಂಗ್ಲಿಷಿನ ‘ಈಟ್’ಗೂ ‘ಈಟ್ ಅಪ್’ಗೂ ಇರುವ ಅಂತರವೇ ನಮ್ಮ ‘ತಿನ್ನು’ಗೂ ‘ತಿಂದುಬಿಡು’ಗೂ ಇರುವುದು. ಆ ‘ಅಪ್’ ಮೇಲಕ್ಕೆ ಹೋಗುವುದಿಲ್ಲ, ಈ ‘ಬಿಡು’ ಏನನ್ನೂ ಬಿಡುವುದಿಲ್ಲ. ತಟ್ಟೆ ಖಾಲಿ ಅಂತ ಹೇಳುವುದಷ್ಟೇ ಎರಡರ ಕೆಲಸ. ‘ಬರ್ನ್ ಡೌನ್’ ಸುಟ್ಟುಹೋಗು, ‘ಡ್ರೈ ಅಪ್’ ಒಣಗಿಹೋಗು, ‘ರೈಟ್ ಡೌನ್’ ಬರೆದುಕೋ, ‘ಟ್ರೈ ಆನ್’ ಹಾಕಿ ನೋಡು, ‘ಥ್ರೋ ಅವೇ’ ಒಗೆದುಬಿಡು, ‘ಲುಕ್ ಆಫ್ಟರ್’ ನೋಡಿಕೋ. ಈ ಕೊನೆಯದನ್ನು ನೋಡಿ: ಎರಡು ಭಾಷೆಯವರೂ ಕಣ್ಣಿಟ್ಟು ನೋಡುವುದನ್ನೇ ಜೋಪಾನ ಮಾಡುವುದು ಅಂದುಕೊಂಡಿದ್ದಾರೆ. ಇದಕ್ಕಿಂತ ಒಳ್ಳೆಯ ಪಾಠ ಗೈಡಿನವರಿಗೆ ಎಲ್ಲಿ ಸಿಗಬೇಕು?

ಒಂದು ತಕರಾರು ಬರಬಹುದು. ಇಂಗ್ಲಿಷಿನ ಬಾಲವನ್ನು ಬಿಡಿಸಿ ದೂರ ಇಡಬಹುದು, ‘ಪುಟ್ ಇಟ್ ಆಫ್’, ‘ಪಿಕ್ ಹಿಮ್ ಅಪ್’ ಅನ್ನಬಹುದು. ಕನ್ನಡದಲ್ಲಿ ಅದಾಗದಲ್ಲ ಅಂತ. ಪೂರ್ತಿ ಆಗುವುದಿಲ್ಲ ನಿಜ. ಕೊಂಚ ಸಂದು ಮಾತ್ರ ನಮ್ಮಲ್ಲೂ ಉಂಟು. ‘ಹೇಳಿಬಿಟ್ಟ’ ಅನ್ನುವುದನ್ನು ಒತ್ತಿ ಹೇಳಬೇಕಾದಾಗ ‘ಹೇಳೇ ಬಿಟ್ಟ’ ಅನ್ನುತ್ತೇವೆ, ‘ಬರೆದೂ ಬಿಟ್ಟ’ ಅನ್ನುತ್ತೇವೆ. ಇನ್ನು ‘ಪುಟ್ ಅಪ್ ವಿತ್’ ಅಂಥದಕ್ಕೆ ತುಂಡಿಗೆ ತುಂಡು ಕನ್ನಡ ಜೋಡಿಯನ್ನು ಹೊಂದಿಸಲಾಗದು, ಅದನ್ನು ಬಾಯಿಪಾಠ ಮಾಡುವುದೇ ಸರಿ. ನೂರಕ್ಕೆ ನೂರೂ ಹೊಂದಬೇಕೆಂಬ ಹಟ ನನಗಿಲ್ಲ. ಅರ್ಧ ಹೊಂದಿದರೂ ಅರ್ಧ ಬೆವರು ಉಳಿಯಿತು. ಕನ್ನಡದ ಮಾತಿಗೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ಟರು ಪುಸ್ತಕದ ಮೇಲೆ ಪುಸ್ತಕ ಬರೆದರು; ಅದರ ಒಂದು ಲಾಭ ಇಂಗ್ಲಿಷ್ ಕಲಿಸುವವರಿಗೂ ಇದೆ ಅಂತ ನನ್ನ ಎಣಿಕೆ.

ಈಗ ‘ಹಚ್ಚು’ ಮತ್ತು ‘ಹತ್ತು’. ಗಡಿಭಾಗದ ಕನ್ನಡವನ್ನು ಅರ್ಧ ಹೊತ್ತು ನಡೆಸುವವು ಈ ಎರಡೇ. ದೀಪ ಹಚ್ಚು, ಬಣ್ಣ ಹಚ್ಚು, ಅರಿಶಿಣ ಹಚ್ಚು ಎಲ್ಲ ಕಡೆಯೂ ಇದೆ. ಇಲ್ಲಿ ಗಿಡ ಹಚ್ಚುತ್ತಾರೆ, ಫೋನ್ ಹಚ್ಚುತ್ತಾರೆ, ಟೀವಿ ಹಚ್ಚುತ್ತಾರೆ, ಮಗನನ್ನು ಕೆಲಸಕ್ಕೆ ಹಚ್ಚುತ್ತಾರೆ, ಇಬ್ಬರ ನಡುವೆ ಜಗಳ ಹಚ್ಚುತ್ತಾರೆ. ಇನ್ನೊಂದು ಕಡೆ ಬೆಂಕಿ ಹತ್ತುತ್ತದೆ, ಮಳೆ ಹತ್ತುತ್ತದೆ, ನಿದ್ದೆ ಹತ್ತುತ್ತದೆ, ಚಟ ಹತ್ತುತ್ತದೆ, ಕೂಸು ಅಳಾಕ ಹತ್ತುತ್ತದೆ, ಪೊಲೀಸರು ಕಳ್ಳನ ಬೆನ್ನು ಹತ್ತುತ್ತಾರೆ, ಮದುವೆಗೆ ರೊಕ್ಕ ಹತ್ತುತ್ತದೆ. ಮಳೆ ಹತ್ತಿತು ಅನ್ನುವುದಕ್ಕೆ ಇಂಗ್ಲಿಷಿನವರು ‘ಸೆಟ್ ಇನ್’ ಅನ್ನುತ್ತಾರೆ, ನಿದ್ದೆ ಹತ್ತಿತು ಅನ್ನುವುದಕ್ಕೆ ‘ಡ್ರಾಪ್ ಆಫ್’, ಬೆನ್ನು ಹತ್ತುವುದಕ್ಕೆ ‘ಗೋ ಆಫ್ಟರ್’. ಬೆಂಗಳೂರಿನ ಗೆಳೆಯರಿಗೆ ‘ಫೋನ್ ಹಚ್ಚು’ ಅಂದರೆ ಬೆಂಕಿಪೊಟ್ಟಣ ಹುಡುಕುತ್ತಾರೆ ಎಂಬ ಹಳೆಯ ಚೇಷ್ಟೆಯೊಂದು ನಮ್ಮ ಕಡೆ ಇದೆ, ಅದರಲ್ಲಿ ಹುರುಳಿಲ್ಲದಿಲ್ಲ.

ಮರಾಠಿ ಬಲ್ಲವರು ಇಷ್ಟು ಓದುವಷ್ಟರಲ್ಲಿ ತಲೆಯಾಡಿಸಿರುತ್ತಾರೆ. ಅವರ ‘ಲಾವಣೆ’ ನಮ್ಮ ‘ಹಚ್ಚು’. ಅವರ ‘ಲಾಗಣೆ’ ನಮ್ಮ ‘ಹತ್ತು’. ಫೋನ್ ಲಾವ್, ಝಾಡ್ ಲಾವ್, ಕಾಮಾಲಾ ಲಾವ್. ಫೋನ್ ಲಾಗತ್ ನಾಹಿ, ಝೋಪ್ ಲಾಗಲೀ, ವೇಳ್ ಲಾಗತೋ, ರಡಾಯಲಾ ಲಾಗಲಾ. ಒಂದೊಂದೇ ಪದ ತೆಗೆದು ಇನ್ನೊಂದಿಟ್ಟರೆ ಮುಗಿಯಿತು, ವಾಕ್ಯ ಅಲ್ಲಾಡುವುದಿಲ್ಲ. ‘ಬಂದ್ ಪಡಲಾ’ ಅನ್ನುವುದು ‘ಬಂದ್ ಬಿತ್ತು’ ಆದದ್ದೂ ಹೀಗೇ.

ಇದನ್ನು ಕಂಡು ಬೆರಗಾದವರು ನಾವಷ್ಟೇ ಅಲ್ಲ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಭಾಷಾವಿದ್ವಾಂಸರು ಸಾಂಗಲಿ ಪಕ್ಕದ ಕುಪವಾಡದ ಮಾತನ್ನು ಕುರಿತು 1971ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಪ್ರಪಂಚದ ಭಾಷಾಶಾಸ್ತ್ರದ ತರಗತಿಗಳಲ್ಲಿ ಇಂದಿಗೂ ಓದಿಸುತ್ತಾರೆ. ಆಗ ಅದು ಸುಮಾರು 3000 ಜನರ ಹಳ್ಳಿ; ಈಗ ಸಾಂಗಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಯ ಪಾಲು. ಜೈನರ ಮನೆಯಲ್ಲಿ ಕನ್ನಡ, ಮುಸಲ್ಮಾನರ ಮನೆಯಲ್ಲಿ ಉರ್ದು, ಉಳಿದವರಲ್ಲಿ ಮರಾಠಿ, ಕೆಲವರಲ್ಲಿ ತೆಲುಗು. ನೂರಾರು ವರ್ಷ ಒಟ್ಟಿಗಿದ್ದು ಪದಗಳನ್ನು ತಂತಮ್ಮದಾಗಿಯೇ ಉಳಿಸಿಕೊಂಡರು, ವಾಕ್ಯದ ಕಟ್ಟಡವನ್ನು ಮಾತ್ರ ಒಂದೇ ಮಾಡಿಕೊಂಡರು ಎಂಬುದು ಆ ಪ್ರಬಂಧದ ತಿರುಳು. ಧಾರವಾಡದ ಮೇಷ್ಟ್ರು ‘ಇದು ನಿಮ್ಮ ಮನೆ’ ಎಂದು ನಿಲ್ಲಿಸಿದರೆ ಕುಪವಾಡದ ಕನ್ನಡದವನು ಮರಾಠಿಯ ‘ಆಹೇ’ ನೆನಪಿಟ್ಟು ‘ಇದು ನಿಮ್ಮ ಮನಿ ಐತಿ’ ಎನ್ನುತ್ತಾನೆ. ಅವರು ಕೊಟ್ಟ ಪ್ರಸಿದ್ಧ ಉದಾಹರಣೆಯೊಂದು ಸೊಪ್ಪು ಕೊಯ್ದು ತಂದದ್ದರ ಬಗೆಗೆ. ಕೊಯ್ದು, ತಗೊಂಡು, ಬಂದೆ: ಕ್ರಿಯೆಯ ಮೇಲೆ ಕ್ರಿಯೆ ಪೋಣಿಸುವ ನಮ್ಮ ಬಾಲದ ಯುಕ್ತಿ ಕನ್ನಡ, ಮರಾಠಿ, ಉರ್ದು ಮೂರೂ ಭಾಷೆಯಲ್ಲಿ ಒಂದೇ ಸಾಲಾಗಿ ನಿಂತಿದೆ. ಹೊರಗಿನ ಭಾಷೆ ಬಂದಾಗ ಅದರ ಎಲುಬನ್ನೇ ತಮ್ಮದು ಮಾಡಿಕೊಳ್ಳುವ ಕಸುವು ಈ ಭಾಗದ ಜನಕ್ಕಿದೆ. ಅಂಥವರಿಗೆ ‘ಫ್ರೇಸಲ್ ವರ್ಬ್ ಕಷ್ಟ’ ಅಂತ ಹೇಳಿಕೊಟ್ಟವರು ಯಾರೋ.

ಹಾಗಾದರೆ ಇಂಗ್ಲಿಷಿನ ಈ ಕ್ರಿಯೆಗಳು ಇಲ್ಲಿನ ಬಾಯಿಗೆ ಬಂದಾಗ ಏನಾದವು? ಬಂದವು, ಆದರೆ ಕ್ರಿಯಾಪದಗಳಾಗಿ ಬರಲಿಲ್ಲ. ನಮ್ಮ ‘ಮಾಡು’, ‘ಆಗು’, ‘ಕೊಡು’ಗಳ ಎದುರು ಅವು ಬರೀ ಹೆಸರುಗಳಾಗಿ ಕೂತವು. ಚೆಕಪ್ ಮಾಡಿಸು, ಬ್ಯಾಕಪ್ ತಗೋ, ಲಾಗಿನ್ ಆಗು, ವರ್ಕೌಟ್ ಆಗೂದಿಲ್ಲ. ಎಲ್ಲಕ್ಕಿಂತ ಮಜಾ ‘ಆನ್’, ‘ಆಫ್’ಗಳದು. ‘ಸ್ವಿಚ್ ಆನ್’ ಅನ್ನುವುದರಲ್ಲಿ ಕ್ರಿಯೆ ಇರುವುದು ‘ಸ್ವಿಚ್’ನಲ್ಲಿ. ನಾವು ಅದನ್ನು ಹೊರಗೆ ನಿಲ್ಲಿಸಿ ಬಾಲವನ್ನಷ್ಟೇ ಒಳಗೆ ಕರೆದೆವು: ಫ್ಯಾನ್ ಆನ್ ಮಾಡು, ಲೈಟ್ ಆಫ್ ಮಾಡು. ಗಡಿಭಾಗದಲ್ಲಿ ಇದಕ್ಕೂ ಪೈಪೋಟಿ ಇದೆ. ಹಿರಿಯರು ‘ಲೈಟ್ ಹಚ್ಚು’, ನಡುವಯಸ್ಸಿನವರು ‘ಚಾಲೂ ಮಾಡು, ಬಂದ್ ಮಾಡು’, ಸಣ್ಣವರು ‘ಆನ್ ಮಾಡು’. ಒಂದೇ ಸ್ವಿಚ್ಚಿಗೆ ಮೂರು ತಲೆಮಾರು.

‘ಅಪ್-ಡೌನ್ ಮಾಡು’ ಅನ್ನುವುದರಲ್ಲಿ ಬಾಲಗಳಷ್ಟೇ ಇವೆ, ಕ್ರಿಯಾಪದವೇ ಇಲ್ಲ. ದಿನಾ ಕೆಲಸಕ್ಕೆ ಹೋಗಿ ಬರುವುದಕ್ಕೆ ಹುಪರಿಯಿಂದ ಬೆಳಗಾವಿಯವರೆಗೆ ಇದೇ ಮಾತು: “ಮಾಮಾ ಇಚಲಕರಂಜಿಗೆ ಅಪ್-ಡೌನ್ ಮಾಡ್ತಾರ.” ಇದರ ತವರು ರೈಲಿನ ಖಾತೆ. 1891ರಲ್ಲಿ ಮಿರಜ-ಕೊಲ್ಹಾಪುರ ಹಾದಿ ಶುರುವಾಯಿತು, ಹಾತಕಣಂಗಲೆ ಅದೇ ಹಾದಿಯ ನಿಲ್ದಾಣ. ಒಂದು ಕಡೆಯ ಗಾಡಿ ಅಪ್, ಇನ್ನೊಂದು ಕಡೆಯದು ಡೌನ್ ಎಂಬುದು ರೈಲಿನವರ ಲೆಕ್ಕ. ಪ್ರಯಾಣಿಕರು ಎರಡನ್ನೂ ಹೊಲಿದು ಒಂದು ಹೊಸ ಕ್ರಿಯೆ ಮಾಡಿಕೊಂಡರು. ಲಂಡನ್ನಿನವನಿಗೆ ‘ಐ ಡು ಅಪ್ ಆ್ಯಂಡ್ ಡೌನ್’ ಅಂದರೆ ಲಿಫ್ಟ್ ಓಡಿಸುವವನೇನೋ ಅಂದುಕೊಂಡಾನು.

‘ಪಿಕಪ್’ ಮೂರು ವೇಷದಲ್ಲಿ ಓಡಾಡುತ್ತದೆ. ಗಾಡಿಗೆ ಪಿಕಪ್ ಇಲ್ಲ ಅಂದರೆ ಓಟದ ಕಸುವಿಲ್ಲ. ಪಿಕಪ್ ಬಂತು ಅಂದರೆ ಕಬ್ಬು, ಕಾಯಿಪಲ್ಲೆ ಹೇರುವ ಸಣ್ಣ ಲಾರಿ ಬಂತು. ಪಿಕಪ್-ಡ್ರಾಪ್ ಅಂದರೆ ಶಾಲೆಯ ವ್ಯಾನು. ಮೂಲದ ‘ಎತ್ತಿಕೋ’ ಅರ್ಥಕ್ಕೆ ಮಾತ್ರ ಅದನ್ನು ಬಳಸುವುದು ಕಡಿಮೆ; ಅಲ್ಲಿ ಬಾಲ ಕತ್ತರಿಸಿ “ಆರಕ್ಕ ಪಿಕ್ ಮಾಡ್ತೀನಿ” ಅನ್ನುತ್ತಾರೆ. ಬೇಕಾದಲ್ಲಿ ಬಾಲ ಬಿಟ್ಟು, ಬೇಡದಲ್ಲಿ ಸೇರಿಸುವುದರಲ್ಲಿ ನಮ್ಮವರು ಬಹಳ ಉದಾರಿಗಳು.

ಇಚಲಕರಂಜಿಯಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ವಿದ್ಯುತ್ ಮಗ್ಗ ಹಾಕಿದ ಮೇಲೆ ಊರಿಗೆ ಊರೇ ಮಗ್ಗದ ಸದ್ದಾಯಿತು. ಮಗ್ಗ ಕೆಟ್ಟರೆ ಕೆಲಸಗಾರರು ‘ಬಂದ್ ಬಿತ್ತು’ ಅನ್ನುತ್ತಾರೆ, ಕರೆಂಟು ನಿಂತರೆ ‘ಲೈಟ್ ಹೋತು’. ಎಸ್.ಟಿ. ಬಸ್ಸು ಕೆಟ್ಟು ನಿಂತರೆ ಅದೇ ಜನ ‘ಬ್ರೇಕ್‌ಡೌನ್ ಆಗೇತಿ’ ಅನ್ನುತ್ತಾರೆ. ತನ್ನ ಕೈಯ ಯಂತ್ರಕ್ಕೆ ಮನೆಮಾತು, ಸರ್ಕಾರಿ ಯಂತ್ರಕ್ಕೆ ಸರ್ಕಾರಿ ಮಾತು. ‘ಲಾಕೌಟ್’, ‘ಲೇ-ಆಫ್’ಗಳೂ ಹಾಗೇ: ಮಾಲೀಕನ ನೋಟೀಸಿನಲ್ಲಿ ಬಂದವು, ನೋಟೀಸಿನ ಭಾಷೆಯಲ್ಲೇ ಉಳಿದವು. ಕೂಲಿಗಾರನ ಬಾಯಲ್ಲಿ ಅದು ‘ಕೆಲಸ ಬಿಡಿಸ್ಯಾರ’.

ಸಿನಿಮಾದ ದಾರಿಯಿಂದ ಬಂದವು ಇನ್ನಷ್ಟು: ಮೇಕಪ್, ಗೆಟಪ್, ಪ್ಯಾಕಪ್, ಕಟೌಟ್. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ (1934) ಚಿತ್ರೀಕರಣಗೊಂಡದ್ದು ಬೆಂಗಳೂರಿನಲ್ಲಲ್ಲ, ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಎಂಬುದನ್ನು ಇಲ್ಲಿ ನೆನೆಯಲೇಬೇಕು. ಇಂಗ್ಲಿಷಿನ ‘ಗೆಟ್ ಅಪ್’ ಕ್ರಿಯೆಯಾದರೆ ಹಾಸಿಗೆಯಿಂದ ಏಳುವುದು; ಕನ್ನಡಕ್ಕೆ ಗೆಟಪ್ ಅಂದರೆ ಹೀರೋನ ವೇಷ ಮಾತ್ರ. ‘ಬಿಲ್ಡಪ್’ ಅಂತೂ ನಮ್ಮದೇ ಆಸ್ತಿ. ‘ಬಿಲ್ಡಪ್ ಕೊಡಬ್ಯಾಡ’ ಅನ್ನುವ ಮಾತಿನ ಖಾರ ಯಾವ ಇಂಗ್ಲಿಷ್ ನಿಘಂಟಿನಲ್ಲೂ ಸಿಗದು. 2020ರಲ್ಲಿ ಕನ್ನಡಿಗರು ಇದಕ್ಕೂ ಒಂದು ಹೆಜ್ಜೆ ಮುಂದೆ ಹೋದರು. ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್ ಬಂತು. ಕರ್ನಾಟಕದ ಪತ್ರಿಕೆ, ಟೀವಿಗಳು ಸೋಂಕಿತರ ಬೀದಿಯನ್ನು ‘ಸೀಲ್‌ಡೌನ್’ ಮಾಡಿದವು. ಇಂಗ್ಲಿಷಿನವರ ‘ಸೀಲ್ ಆಫ್’ ಬಿಟ್ಟು, ಲಾಕ್‌ಡೌನಿನ ಜೋಡಿಯಾಗಿ ಹುಟ್ಟಿಸಿದ ಪದ. ಬಾಲ ಜೋಡಿಸುವುದು ನಮಗೆ ಬರುವುದಿಲ್ಲ ಅನ್ನುವವರು ಇದನ್ನು ನೋಡಬೇಕು.

ಬರವಣಿಗೆಯ ಇಂಗ್ಲಿಷಿನಲ್ಲಿ ಮಾತ್ರ ನಾವು ಹೆದರಿದವರ ಹಾಗೆ ಬರೆಯುತ್ತೇವೆ. ‘ಪೋಸ್ಟ್‌ಪೋನ್’, ‘ಟಾಲರೇಟ್’, ‘ಡಿಸ್ಕಂಟಿನ್ಯೂ’, ‘ಇನ್ವೆಸ್ಟಿಗೇಟ್’ ಬರೆಯುತ್ತೇವೆ. ‘ಪುಟ್ ಆಫ್’, ‘ಪುಟ್ ಅಪ್ ವಿತ್’, ‘ಗಿವ್ ಅಪ್’, ‘ಲುಕ್ ಇನ್‌ಟು’ ಬರೆಯಲು ಕೈ ಹಿಂಜರಿಯುತ್ತದೆ. ಇದು ನಮ್ಮೊಬ್ಬರ ಗುಣವಲ್ಲ. ಹೀಬ್ರೂ ಮಾತಾಡುವ ವಿದ್ಯಾರ್ಥಿಗಳೂ ಫ್ರೇಸಲ್ ವರ್ಬ್ ಕಂಡರೆ ಪಕ್ಕಕ್ಕೆ ಸರಿದು ಒಂಟಿಪದವನ್ನೇ ಆರಿಸುತ್ತಾರೆಂದು ಡಾಗಟ್, ಲಾಫರ್ ಎಂಬಿಬ್ಬರು 1985ರಲ್ಲಿ ತೋರಿಸಿದ್ದರು. ತಮ್ಮ ಭಾಷೆಯಲ್ಲಿ ಅಂಥದ್ದಿಲ್ಲ, ಅದಕ್ಕೇ ಅವರು ತಪ್ಪಿಸಿಕೊಳ್ಳುತ್ತಾರೆ ಎಂಬುದು ಕಾರಣ. ಕನ್ನಡಿಗನಿಗೆ ಆ ನೆಪವೂ ಇಲ್ಲ. ಅವನ ಭಾಷೆಯಲ್ಲಿ ಅದರ ಸೋದರ ಇದ್ದಾನೆ, ಪರಿಚಯ ಮಾಡಿಸಿದವರಿಲ್ಲ ಅಷ್ಟೇ. ತಪ್ಪಿನ ಒಂದು ಪಾಲು ನಾವು ಇಂಗ್ಲಿಷನ್ನು ಕಲಿತ ಪುಸ್ತಕಗಳದು. ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವನ್ನು ಉರು ಹೊಡೆಯದ ಮ್ಯಾಟ್ರಿಕ್ ವಿದ್ಯಾರ್ಥಿ ಒಂದು ಕಾಲಕ್ಕೆ ಈ ಭಾಗದಲ್ಲಿರಲಿಲ್ಲ. ಆ ರೆನ್ ಮುಂಬೈ ಪ್ರಾಂತ್ಯದ ಶಿಕ್ಷಣ ಖಾತೆಯಲ್ಲೇ ದುಡಿದವನು, ಸಾಹಸದ ಕಾದಂಬರಿ ಬರೆದು ಹೆಸರಾದವನು. ಅವನ ಕಾದಂಬರಿಯ ಸಿಪಾಯಿಗಳು ಆಡುವ ಇಂಗ್ಲಿಷೇ ಬೇರೆ, ಅವನ ವ್ಯಾಕರಣ ಓದಿ ನಾವು ಬರೆದ ಇಂಗ್ಲಿಷೇ ಬೇರೆ.

ಇನ್ನು ಬೇಡದ ಕಡೆ ನಾವು ಸೇರಿಸಿದ ಬಾಲಗಳಿಗೂ ಕಾರಣವಿದೆ. ‘ರಿಟರ್ನ್ ಬ್ಯಾಕ್’, ‘ರಿವರ್ಟ್ ಬ್ಯಾಕ್’ ಎಂದು ನಮ್ಮವರು ಬರೆಯುವುದು ತಲೆಯಲ್ಲಿ ‘ತಿರುಗಿ ಕೊಡು’, ‘ಮರಳಿ ತಿಳಿಸು’ ಓಡುತ್ತಿರುವುದರಿಂದ. ಆ ‘ತಿರುಗಿ’ಗೆ ಒಂದು ಜಾಗ ಬೇಕಲ್ಲ. ‘ಕೋಪ್ ಅಪ್’ ಅನ್ನುವುದು ತಪ್ಪೇ, ಆದರೆ ‘ಕೀಪ್ ಅಪ್’, ‘ಕ್ಯಾಚ್ ಅಪ್’ ಕೇಳಿದ ಕಿವಿ ಕಟ್ಟಿದ ತಪ್ಪು. ‘ಪಾಸೌಟ್ ಆದೆ’ ಎಂಬ ನಮ್ಮ ಪದವೀಧರರ ಮಾತನ್ನು ಕೇಳಿ ಹೊರದೇಶದವರು ಮೂರ್ಛೆ ಬಿದ್ದೆ ಎಂದು ತಿಳಿಯುತ್ತಾರೆಂದು ನಗುವುದುಂಟು. ಸೈನ್ಯದ ಪಾಸಿಂಗ್ ಔಟ್ ಪರೇಡು ಬ್ರಿಟಿಷರದೇ ಅಲ್ಲವೇ? ಅದನ್ನು ಕಾಲೇಜಿಗೆ ಎಳೆದುಕೊಂಡದ್ದಷ್ಟೇ ನಮ್ಮ ಕೆಲಸ. ಇನ್ನು ಸರ್ಕಾರಿ ಕಚೇರಿಯ ‘ಪುಟಪ್’: ಗುಮಾಸ್ತರು ಸಾಹೇಬರ ಮುಂದೆ ಫೈಲು ‘ಪುಟಪ್ ಮಾಡು’ತ್ತಾರೆ. ಇದಕ್ಕೆ ಕನ್ನಡದ ಕಡತದಲ್ಲಿ ‘ಮಂಡಿಸಿದೆ’ ಎಂಬ ಚೊಕ್ಕ ಪದವಿದೆ. ಬರೆಯುವಾಗ ‘ಮಂಡಿಸಿದೆ’, ಬಾಯಲ್ಲಿ ‘ಪುಟಪ್ ಮಾಡೀನ್ರೀ ಸರ್’. ಇದನ್ನು ತಿದ್ದಲು ಹೊರಟವರು ಫೈಲಿಗಿಂತ ಮೊದಲೇ ನಿವೃತ್ತರಾಗುತ್ತಾರೆ.

ಇಲ್ಲೊಂದು ಹೆಸರು ನೆನಪಾಗುತ್ತದೆ. ಕನ್ನಡದ ಕವಿ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು. ಕೊಲ್ಹಾಪುರದ ರಾಜಾರಾಮ ಕಾಲೇಜಿಗೆ ಪ್ರಿನ್ಸಿಪಾಲರಾಗಿದ್ದವರು. ಮುಂದೆ ದೇಶದ ಇಂಗ್ಲಿಷ್ ಶಿಕ್ಷಕರನ್ನು ತಯಾರು ಮಾಡುವ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದರು. ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ರಂ.ಶ್ರೀ. ಮುಗಳಿಯವರು ಕನ್ನಡ ಕಲಿಸುತ್ತಿದ್ದರು. ಕನ್ನಡವನ್ನೂ ಇಂಗ್ಲಿಷನ್ನೂ ಒಂದೇ ಮನಸ್ಸಿನಲ್ಲಿ ಇಟ್ಟುಕೊಂಡವರು ಪಾಠ ಹೇಳಿದ ಸೀಮೆ ಇದು. ಇಲ್ಲಿಂದ ಒಂದು ಒಳ್ಳೆಯ ಕನ್ನಡ-ಮರಾಠಿ-ಇಂಗ್ಲಿಷ್ ಆಡುಮಾತಿನ ಕೈಪಿಡಿ ಹೊರಬರಬೇಕಿತ್ತು. ಕೊಲ್ಹಾಪುರದಲ್ಲಿ 1962ರಿಂದ ಶಿವಾಜಿ ವಿಶ್ವವಿದ್ಯಾಲಯವಿದೆ, ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ. ಈ ಕೆಲಸಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ನಾಲ್ಕು ಜನ ಕಿವಿಗೊಡುವ ಮೇಷ್ಟ್ರು.

ಅದು ಆಗುವವರೆಗೆ ಹುಪರಿ, ಇಚಲಕರಂಜಿ, ಗಡಹಿಂಗ್ಲಜ, ಹಾಗೆಯೇ ನಿಪ್ಪಾಣಿ, ಚಿಕ್ಕೋಡಿ ಕಡೆಯ ಇಂಗ್ಲಿಷ್ ಶಿಕ್ಷಕರಲ್ಲಿ ಒಂದೇ ಒಂದು ಕೇಳಿಕೆ. ಫ್ರೇಸಲ್ ವರ್ಬ್ ಪಾಠದ ದಿನ ಗೈಡನ್ನು ಮುಚ್ಚಿಡಿ. ಹಲಗೆಯ ಮೇಲೆ ‘ಹಚ್ಚು’, ‘ಹತ್ತು’, ‘ಬಿಡು’, ‘ಕೊಡು’, ‘ಕೋ’ ಎಂದು ಬರೆದು, ಮನೆಯಲ್ಲಿ ಇವನ್ನು ಹೇಗೆಲ್ಲ ಆಡುತ್ತೀರಿ ಎಂದು ಮಕ್ಕಳನ್ನೇ ಕೇಳಿ. ಮರಾಠಿ ಮಕ್ಕಳು ‘ಲಾವಣೆ’, ‘ಲಾಗಣೆ’, ನಮ್ಮ ‘ಬಿಡು’ವಿನಂಥ ‘ಟಾಕಣೆ’ ಹೇಳಲಿ. ಹಲಗೆ ತುಂಬಿದ ಮೇಲೆ ‘ಗೆಟ್’, ‘ಪುಟ್’, ‘ಸೆಟ್’ ಬರೆಯಿರಿ. ‘ತ್ಯಜಿಸು’ ಅನ್ನುವುದನ್ನು ಪರೀಕ್ಷೆಯ ಹಿಂದಿನ ದಿನ ಹೇಳಿಕೊಟ್ಟರೂ ನಡೆದೀತು.